ಸ್ಪಿನ್‌ಗಳು ಸುರುಳಿ ಸುತ್ತಿದರೆ ಹರಳಿನಲ್ಲಿ ವಿದ್ಯುತ್ ಧ್ರುವೀಕರಣ ಯಾಕೆ ಬರುತ್ತದೆ?

ಧಾರವಾಡ_ಪೇಡೆ
ನಮಸ್ಕಾರ್ರೀ ಎಲ್ಲಾರಿಗೂ. ಎಂಎಸ್ಸಿ ಎರಡನೇ ವರ್ಷದಾಗ ಅದೀನಿ, ಸೆಮಿನಾರಿಗೆ ಮಲ್ಟಿಫೆರೋಯಿಕ್ (ಕಾಂತೀಯ ಜೋಡಣೆನೂ ಫೆರೋಎಲೆಕ್ಟ್ರಿಸಿಟಿನೂ ಎರಡೂ ಇರೋ ವಸ್ತು) ವಿಷಯ ತಗೊಂಡೀನಿ. ಒಂದ್ ಕಡೆ ಬರದಾರ: ಕಾಂತತ್ವಕ್ಕೂ ಫೆರೋಎಲೆಕ್ಟ್ರಿಸಿಟಿಗೂ (ಹೊರಗಿನ ಫೀಲ್ಡ್ ಇಲ್ಲದನೂ ಉಳಿಯೋ, ಫೀಲ್ಡ್ ಕೊಟ್ಟು ತಿರುಗಿಸಬಹುದಾದ ವಿದ್ಯುತ್ ಧ್ರುವೀಕರಣ) ಕೂಡಿ ಬರಂಗಿಲ್ಲ, ಫೆರೋಎಲೆಕ್ಟ್ರಿಸಿಟಿಗೆ ಡಿ ಕಕ್ಷಕ ಖಾಲಿ ಇರಬೇಕು, ಕಾಂತತ್ವಕ್ಕ ಅದರಾಗ ಎಲೆಕ್ಟ್ರಾನ್ ಇರಬೇಕು. ಮುಂದಿನ ಪುಟದಾಗ ನೋಡಿದ್ರ, ಟರ್ಬಿಯಂ ಮ್ಯಾಂಗನೈಟಿನಾಗ ಕಾಂತೀಯ ಜೋಡಣೆನೇ ಧ್ರುವೀಕರಣ ಹುಟ್ಟಸ್ತದ ಅಂತ ಐತಿ. ಎರಡೂ ಖರೇ ಹೆಂಗ ಆಗ್ತಾವು? ಧ್ರುವೀಕರಣದ ದಿಕ್ಕು ಇ ಕ್ರಾಸ್ (ಎಸ್1 ಕ್ರಾಸ್ ಎಸ್2) ಅನ್ನೋ ಸೂತ್ರ ಬಾಯಿಪಾಠ ಆಗೇತಿ; ಎಸ್1, ಎಸ್2 ಅಂದ್ರ ಅಕ್ಕಪಕ್ಕದ ಸ್ಪಿನ್ (ಪರಮಾಣುವಿನ ಪುಟ್ಟ ಅಯಸ್ಕಾಂತ), ಇ ಅಂದ್ರ ಅವೆರಡನ್ನ ಜೋಡಿಸೋ ದಿಕ್ಕು. ಆದ್ರ ಬೋರ್ಡಿನ ಮ್ಯಾಲೆ ಬರದ ಮ್ಯಾಲೆ ಯಾರರೆ "ಯಾಕ" ಅಂದ್ರ ನನ್ ಕಡೆ ಉತ್ತರ ಇಲ್ರಿ.

ನ್ಯೂಟ್ರಾನ್_ನಂಜುಂಡ
ಎರಡೂ ನಿಜ, ಆದ್ರೆ ಎರಡೂ ಬೇರೆ ಬೇರೆ ದಾರಿಯ ಮಾತು.

ಬೇರಿಯಂ ಟೈಟನೇಟ್ ನೋಡಿ. ಟೈಟೇನಿಯಂನ ಡಿ ಕಕ್ಷಕ ಖಾಲಿ. ಪಕ್ಕದ ಆಕ್ಸಿಜನ್ ತನ್ನ ಎಲೆಕ್ಟ್ರಾನ್ ಮೋಡವನ್ನ ಆ ಖಾಲಿ ಜಾಗಕ್ಕೆ ಚಾಚುತ್ತೆ, ಬಂಧ ಗಟ್ಟಿಯಾಗುತ್ತೆ, ಟೈಟೇನಿಯಂ ನಟ್ಟನಡುವಿನಿಂದ ಒಂದು ಬದಿಗೆ ಸರಿಯುತ್ತೆ. ಡಿ ತುಂಬುತ್ತಾ ಹೋದಂತೆ ಈ ಲಾಭ ಇಳಿಯುತ್ತೆ. ಕಾಂತತ್ವಕ್ಕೋ ಆ ಎಲೆಕ್ಟ್ರಾನ್‌ಗಳೇ ಬೇಕು. 2000ದಲ್ಲಿ ನಿಕೋಲಾ ಹಿಲ್ (ಈಗ ಸ್ಪಾಲ್ಡಿನ್) ಎತ್ತಿದ ಪ್ರಶ್ನೆಯೇ ಇದು: ಕಾಂತೀಯ ಫೆರೋಎಲೆಕ್ಟ್ರಿಕ್‌ಗಳು ಯಾಕಿಷ್ಟು ವಿರಳ?

ಈ ವಾದ ಹೇಳೋದು ಬೇರಿಯಂ ಟೈಟನೇಟ್ ಹಾದಿಯಲ್ಲಿ ಎರಡೂ ಸೇರೋದು ಕಷ್ಟ ಅಂತ, ಅಷ್ಟೇ. ಬೇರೆ ಹಾದಿ ಇಲ್ಲ ಅಂತಲ್ಲ. 2003ರಲ್ಲಿ ಜಪಾನಿನ ಕಿಮುರಾ, ತೊಕುರಾ ಮತ್ತಿತರರು ತೋರಿಸಿದ್ದು ಆ ಬೇರೆ ಹಾದಿಯನ್ನ. ಟರ್ಬಿಯಂ ಮ್ಯಾಂಗನೈಟ್ ಸುಮಾರು 41 ಕೆಲ್ವಿನ್‌ನಲ್ಲಿ ಕಾಂತೀಯವಾಗಿ ಸಾಲುಗಟ್ಟುತ್ತೆ. ಆಗ ಧ್ರುವೀಕರಣ ಇಲ್ಲ. ಸುಮಾರು 28 ಕೆಲ್ವಿನ್‌ಗೆ ಇಳಿದಾಗ ಕಾಂತೀಯ ಜೋಡಣೆ ಇನ್ನೊಮ್ಮೆ ಬದಲಾಗುತ್ತೆ, ಅದೇ ಉಷ್ಣತೆಗೆ ಸಿ ಅಕ್ಷದ ಉದ್ದಕ್ಕೆ (ಎ, ಬಿ, ಸಿ ಅಂದ್ರೆ ಹರಳಿನ ಮೂರು ದಿಕ್ಕುಗಳು) ಧ್ರುವೀಕರಣ ಏಳುತ್ತೆ. ಬಿ ಅಕ್ಷದ ಉದ್ದಕ್ಕೆ ಕೆಲವು ಟೆಸ್ಲಾ ಕಾಂತಕ್ಷೇತ್ರ ಕೊಟ್ಟರೆ ಅದು ಸಿ ಬಿಟ್ಟು ಎ ಅಕ್ಷಕ್ಕೆ ತಿರುಗುತ್ತೆ. ಅಯಸ್ಕಾಂತದಿಂದ ವಿದ್ಯುತ್ ಧ್ರುವೀಕರಣವನ್ನ 90 ಡಿಗ್ರಿ ತಿರುಗಿಸಿದ್ದು ನೋಡಿ ಜನ ಬಿದ್ದು ಎದ್ದು ಈ ಕ್ಷೇತ್ರಕ್ಕೆ ಬಂದರು.

ಸಿಲ್ಕ್‌ಬೋರ್ಡ್_ಜಾಮ್
28 ಕೆಲ್ವಿನ್ ಅಂದ್ರೆ ಮೈನಸ್ 245 ಡಿಗ್ರಿ. ಇದನ್ನ ಇಟ್ಕೊಂಡು ಏನ್ ಮಾಡೋದು ಸ್ವಾಮಿ?

ನ್ಯೂಟ್ರಾನ್_ನಂಜುಂಡ
ತಾಳಿ, ಅಲ್ಲಿಗೂ ಬರ್ತೀವಿ.

ಸಾಗರದ_ಮೇಷ್ಟ್ರು
ಪೇಡೆಯವರೆ, ಸೂತ್ರ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಸಮಮಿತಿಯಿಂದ ಅದು ತಾನಾಗಿ ಬರುತ್ತದೆ. ಹೀಗೆ ಯೋಚಿಸಿ.

ಕಾಲವನ್ನು ಹಿಮ್ಮುಖವಾಗಿ ಓಡಿಸಿದರೆ ಕಾಂತೀಯತೆ ಚಿಹ್ನೆ ಬದಲಿಸುತ್ತದೆ, ಏಕೆಂದರೆ ಅದು ಸುತ್ತುವ ಪ್ರವಾಹದಂಥದು. ವಿದ್ಯುತ್ ಧ್ರುವೀಕರಣ ನಿಂತ ವಿದ್ಯುದಂಶಗಳ ಅಂತರ, ಅದಕ್ಕೇನೂ ಆಗುವುದಿಲ್ಲ. ಹಾಗಾಗಿ ಹೊರಗಿನ ಕ್ಷೇತ್ರವೇನೂ ಇಲ್ಲದಿರುವಾಗ ಎರಡನ್ನೂ ಬೆಸೆಯುವ ಶಕ್ತಿಪದದಲ್ಲಿ ಧ್ರುವೀಕರಣ ಒಮ್ಮೆ ಬಂದರೆ ಕಾಂತೀಯತೆ ಎರಡು ಸಲ ಬರಲೇಬೇಕು, ಚಿಹ್ನೆಗಳು ಹೊಂದಿಕೊಳ್ಳಲು.

ಇನ್ನು ವಿಲೋಮ, ಅಂದರೆ ಒಂದು ಬಿಂದುವನ್ನು ನಡುವಿಟ್ಟು ಎಲ್ಲವನ್ನೂ ಎದುರು ಬದಿಗೆ ಒಯ್ಯುವುದು. ಇದರಲ್ಲಿ ಧ್ರುವೀಕರಣ ಚಿಹ್ನೆ ಬದಲಿಸುತ್ತದೆ. ಕಾಂತೀಯತೆ ಬದಲಿಸುವುದಿಲ್ಲ: ಸ್ಥಾನವೂ ವೇಗವೂ ತಿರುಗಿಬೀಳುತ್ತವೆ, ಅವುಗಳ ಕ್ರಾಸ್ ಗುಣಲಬ್ಧ ಇದ್ದಂತೆಯೇ ಇರುತ್ತದೆ. ಈಗ ಲೆಕ್ಕದಲ್ಲಿ ಒಂದು ಋಣಚಿಹ್ನೆ ಬಾಕಿ ಉಳಿಯಿತಲ್ಲ? ಅದನ್ನು ತೀರಿಸಲು ಸ್ಥಾನಕ್ಕೆ ಸಂಬಂಧಿಸಿದ ಒಂದು ಅವಕಲನ (ಡೆರಿವೇಟಿವ್) ಬೇಕು. ಧ್ರುವೀಕರಣ ಒಂದು, ಕಾಂತೀಯತೆ ಎರಡು, ಅವಕಲನ ಒಂದು. ಎಂದರೆ ಕಾಂತೀಯತೆ ಜಾಗದಿಂದ ಜಾಗಕ್ಕೆ ಬದಲಾಗುತ್ತಿರಬೇಕು. 2006ರಲ್ಲಿ ಮೊಸ್ತೊವೊಯ್ ಈ ಪದವನ್ನು ಬರೆದು, ಸುರುಳಿ ಜೋಡಣೆಯನ್ನು ಅದರಲ್ಲಿ ಹಾಕಿದರೆ ಧ್ರುವೀಕರಣ ತಾನೇ ಬರುತ್ತದೆಂದು ತೋರಿಸಿದರು. ಯಾವ ಪರಮಾಣು ಎತ್ತ ಸರಿಯಿತೆಂಬ ಗೊಡವೆಯೇ ಇಲ್ಲಿ ಬೇಕಾಗಿಲ್ಲ. ಎಷ್ಟು ಪ್ರಮಾಣದ ಧ್ರುವೀಕರಣ ಎನ್ನುವುದನ್ನು ಮಾತ್ರ ಸಮಮಿತಿ ಹೇಳದು.

ಧಾರವಾಡ_ಪೇಡೆ
ಮೇಷ್ಟ್ರ, ಇದು ತಲೀಗೆ ಹತ್ತಿತ್ರಿ. ಆದ್ರ 41ರಿಂದ 28ರ ನಡುವನೂ ಕಾಂತೀಯತೆ ಜಾಗದಿಂದ ಜಾಗಕ್ಕ ಬದಲಾಗ್ತಿರ್ತದಲ್ರಿ, ಸೈನ್ ಅಲೆ ಗತೆ? ಆಗ ಯಾಕ ಬರಂಗಿಲ್ಲ?

ನ್ಯೂಟ್ರಾನ್_ನಂಜುಂಡ
ಸರಿಯಾದ ಜಾಗಕ್ಕೆ ಕೈ ಇಟ್ರಿ. ಬೋರ್ಡ್ ಮೇಲೆ ಬಾಣ ಬರೆದರೆ ಮುಗೀತು.

41ರಿಂದ 28ರವರೆಗೆ ಸ್ಪಿನ್‌ಗಳೆಲ್ಲ ಬಿ ಅಕ್ಷಕ್ಕೇ ಅಂಟಿಕೊಂಡಿರ್ತವೆ, ಉದ್ದ ಮಾತ್ರ ಏರಿಳಿಯುತ್ತೆ: ಚಿಕ್ಕದು, ನಡುವಿನದು, ದೊಡ್ಡದು, ನಡುವಿನದು, ಚಿಕ್ಕದು. ದೊಡ್ಡದನ್ನ ನಡು ಅಂತ ಹಿಡಿದು ವಿಲೋಮ ಮಾಡಿ. ಸಾಲು ಹಿಂದುಮುಂದಾಗುತ್ತೆ, ಬಾಣದ ದಿಕ್ಕು ಬದಲಾಗಲ್ಲ (ಮೇಷ್ಟ್ರು ಹೇಳಿದ ಕಾರಣಕ್ಕೆ). ಮತ್ತೆ ಅದೇ ಚಿಕ್ಕದು, ನಡುವಿನದು, ದೊಡ್ಡದು. ಏನೂ ಬದಲಾಗಿಲ್ಲ, ಅಂದ್ರೆ ವಿಲೋಮ ಉಳಿದಿದೆ, ಧ್ರುವೀಕರಣಕ್ಕೆ ಜಾಗವಿಲ್ಲ.

28ರ ಕೆಳಗೆ ಬಿ ಜೊತೆ ಸಿ ದಿಕ್ಕಿನ ಪಾಲೂ ಸೇರ್ಕೊಳ್ಳುತ್ತೆ. ಬಾಣಗಳು ಬಿ-ಸಿ ಸಮತಲದಲ್ಲಿ ಹೆಜ್ಜೆ ಹೆಜ್ಜೆಗೂ ತಿರುಗ್ತವೆ:

↑ ↗ → ↘ ↓

ಇದನ್ನ ವಿಲೋಮ ಮಾಡಿ:

↓ ↘ → ↗ ↑

ಮೊದಲನೇದು ಪ್ರದಕ್ಷಿಣೆ, ಎರಡನೇದು ಅಪ್ರದಕ್ಷಿಣೆ. ಉರುಳೋ ಬಂಡಿ ಚಕ್ರ ಮುಂದಕ್ಕೆ ಹೋಗ್ತಿದೆಯೋ ಹಿಂದಕ್ಕೋ ಅನ್ನೋಷ್ಟು ವ್ಯತ್ಯಾಸ. ವಿಲೋಮ ಮುರಿಯಿತು. ನಾನು 45 ಡಿಗ್ರಿ ಹೆಜ್ಜೆಯಲ್ಲಿ ಬರೆದಿದೀನಿ; ನಿಜದ ಹರಳಿನಲ್ಲಿ ಬಿ ದಿಕ್ಕಿಗೆ ಒಂದು ಮ್ಯಾಂಗನೀಸ್ ಸಾಲಿನಿಂದ ಮುಂದಿನ ಸಾಲಿಗೆ ಸುಮಾರು 50. ಇದಕ್ಕೇ ಸೈಕ್ಲಾಯ್ಡ್ ಅನ್ನೋದು. 2005ರಲ್ಲಿ ಕೆನ್ಜೆಲ್‌ಮನ್ ಮತ್ತಿತರರು ನ್ಯೂಟ್ರಾನ್ ಚದುರಿಸಿ ಇದನ್ನ ಖಚಿತಪಡಿಸಿದರು.

ಈಗ ನಿಮ್ಮ ಸೂತ್ರಕ್ಕೆ ಬನ್ನಿ. ಅಲೆ ಸಾಗೋ ದಿಕ್ಕು ಬಿ. ಬಾಣಗಳು ಬಿ-ಸಿಯಲ್ಲಿ ತಿರುಗೋದ್ರಿಂದ ಎಸ್1 ಕ್ರಾಸ್ ಎಸ್2 ಎ ಅಕ್ಷದಲ್ಲಿ. ಬಿ ಕ್ರಾಸ್ ಎ ಮಾಡಿ, ಸಿ ಅಕ್ಷ. ಅಳತೆಯಲ್ಲಿ ಬಂದದ್ದೂ ಸಿ. ಕಾಂತಕ್ಷೇತ್ರ ಕೊಟ್ಟಾಗ ತಿರುಗೋ ಸಮತಲ ಎ-ಬಿಗೆ ಮಗುಚುತ್ತೆ. ಎಸ್1 ಕ್ರಾಸ್ ಎಸ್2 ಈಗ ಸಿ, ಬಿ ಕ್ರಾಸ್ ಸಿ ಮಾಡಿದರೆ ಎ. ಸೆಮಿನಾರಲ್ಲಿ ಇದೊಂದನ್ನ ನಿಧಾನಕ್ಕೆ ಮಾಡಿ ತೋರಿಸಿ, ಉಳಿದದ್ದು ಅವಸರದಲ್ಲಿ ಹೇಳಿದ್ರೂ ನಡೆಯುತ್ತೆ.

ಅಂದ ಹಾಗೆ, ಬಾಣಗಳು ಅಲೆಯ ದಿಕ್ಕಿಗೆ ಅಡ್ಡಲಾದ ಸಮತಲದಲ್ಲಿ ತಿರುಗಿದರೆ (ಸ್ಕ್ರೂ ಬಗೆ) ಈ ಸೂತ್ರ ಸೊನ್ನೆ ಕೊಡುತ್ತೆ. ಹಾಗಂತ ಸ್ಕ್ರೂ ಸುರುಳಿಯಲ್ಲಿ ಯಾವತ್ತೂ ಧ್ರುವೀಕರಣ ಬರಲ್ಲ ಅಂದ್ಕೋಬೇಡಿ. ಹರಳಿನ ಸಮಮಿತಿ ಕಡಿಮೆ ಇದ್ರೆ ಬರುತ್ತೆ. ತಾಮ್ರ-ಕಬ್ಬಿಣದ ಆಕ್ಸೈಡ್ ಒಂದರಲ್ಲಿ ಬಂದಿದೆ. ಅದಕ್ಕೆ ಅರಿಮಾ 2007ರಲ್ಲಿ ಕೊಟ್ಟ ವಿವರಣೆ ಬೇರೆ, ಲೋಹದ ಡಿ ಮತ್ತು ಆಕ್ಸಿಜನ್‌ನ ಪಿ ಕಕ್ಷಕಗಳ ಬೆರಕೆಯದು.

ಧಾರವಾಡ_ಪೇಡೆ
ಭಾರಿ ಆತ್ರಿ. ಇನ್ನೊಂದ್ ಕೇಳ್ತೀನಿ: ಸ್ಪಿನ್‌ಗಳಿಗೆ ಸುರುಳಿ ಸುತ್ತೋ ದರ್ದು ಯಾಕ್ರಿ? ನೆಟ್ಟಗ ನಿಲ್ಲಾಕ ಏನ್ ಧಾಡಿ?

ಡಿಎಫ್‌ಟಿ_ದಾಸ
ಎರಡು ದೋಣಿಯಲ್ಲಿ ಕಾಲಿಟ್ಟ ಸ್ಥಿತಿ ಅವುಗಳದು. ಪಕ್ಕದ ಸ್ಪಿನ್ ಜೊತೆ ಒಂದೇ ದಿಕ್ಕಿಗೆ ನಿಲ್ಲುವ ಆಸೆ (ಬಲ ಜೆ1), ಅದರಾಚೆಯ ಸ್ಪಿನ್‌ಗೆ ಎದುರಾಗಿ ನಿಲ್ಲುವ ಆಸೆ (ಬಲ ಜೆ2). ಎರಡೂ ಒಟ್ಟಿಗೆ ಪೂರ್ತಿ ಈಡೇರುವುದಿಲ್ಲ. ಸಾಲಿನಲ್ಲಿ ಪ್ರತಿ ಹೆಜ್ಜೆಗೆ ಥೀಟಾ ಕೋನ ತಿರುಗಿದರೆ ಶಕ್ತಿ = −ಜೆ1 ಕಾಸ್ ಥೀಟಾ + ಜೆ2 ಕಾಸ್ 2ಥೀಟಾ. ಇದನ್ನು ಕನಿಷ್ಠ ಮಾಡಿ: ಕಾಸ್ ಥೀಟಾ = ಜೆ1/4ಜೆ2. ಜೆ2 ಬಲ ಜೆ1ರ ಕಾಲು ಭಾಗ ದಾಟಿತೋ, ಸುರುಳಿ ಶುರು.

ಮ್ಯಾಂಗನೈಟ್‌ಗಳಲ್ಲಿ ಈ ಹದ ಬರುವುದು ವಿರಳ ಭಸ್ಮ ಧಾತುವಿನ ಗಾತ್ರದಿಂದ. ಲ್ಯಾಂಥನಂ ದೊಡ್ಡದು, ಮ್ಯಾಂಗನೀಸ್–ಆಕ್ಸಿಜನ್–ಮ್ಯಾಂಗನೀಸ್ ಕೋನ ಹೆಚ್ಚು ಬಾಗಿರುವುದಿಲ್ಲ, ಸುರುಳಿ ಇಲ್ಲ. ಟರ್ಬಿಯಂ, ಡಿಸ್ಪ್ರೋಸಿಯಂಗೆ ಬಂದಾಗ ಕೋನ ಬಾಗಿ ಜೆ1 ಸೊರಗುತ್ತದೆ, ಸುರುಳಿ ಬರುತ್ತದೆ. ಇನ್ನೂ ಚಿಕ್ಕ ಹೋಲ್ಮಿಯಂಗೆ ಹೋದರೆ ಸುರುಳಿ ಹೋಗಿ ↑↑↓↓ ಬಗೆಯ ಜೋಡಣೆ. ಆ ಕಥೆ ಕೊನೆಗೆ.

ಈಗ ಹರಳೊಳಗೆ ನಿಜಕ್ಕೂ ಏನು ಸರಿಯುತ್ತದೆ? ಎರಡು ಮ್ಯಾಂಗನೀಸ್ ನಡುವೆ ಆಕ್ಸಿಜನ್ ಇದೆ. ಅದು ಅವೆರಡನ್ನು ಜೋಡಿಸುವ ಗೆರೆಯಿಂದ ಪಕ್ಕಕ್ಕಿದ್ದರೆ ಸ್ಪಿನ್-ಕಕ್ಷೆ ಬೆಸುಗೆಯಿಂದ (ಎಲೆಕ್ಟ್ರಾನಿನ ಸ್ಪಿನ್‌ಗೂ ಅದರ ಕಕ್ಷೆಯ ಚಲನೆಗೂ ಇರುವ ನಂಟು) ಝ್ಯಾಲೊಶಿನ್‌ಸ್ಕಿ–ಮೊರಿಯಾ ಎಂಬ ಶಕ್ತಿಪದ ಹುಟ್ಟುತ್ತದೆ: ಡಿ ಡಾಟ್ (ಎಸ್1 ಕ್ರಾಸ್ ಎಸ್2). ಡಿ ಎಷ್ಟು ಎನ್ನುವುದು ಆಕ್ಸಿಜನ್ ಎಷ್ಟು ಪಕ್ಕಕ್ಕಿದೆ ಎನ್ನುವುದರ ಮೇಲೆ. ಇದನ್ನು ತಿರುಗಿಸಿ ಓದಿ. ಸೈಕ್ಲಾಯ್ಡ್‌ನಲ್ಲಿ ಎಸ್1 ಕ್ರಾಸ್ ಎಸ್2 ಎಲ್ಲ ಜೋಡಿಗೂ ಒಂದೇ ಚಿಹ್ನೆ. ಹಾಗಾದರೆ ಎಲ್ಲ ಆಕ್ಸಿಜನ್‌ಗಳೂ ಒಂದೇ ಬದಿಗೆ ತುಸು ಸರಿದರೆ ಶಕ್ತಿ ಇಳಿಯುತ್ತದೆ. ಲಾಭ ಸರಿತಕ್ಕೆ ನೇರ ಅನುಪಾತ, ಸ್ಪ್ರಿಂಗ್ ಎಳೆತದ ನಷ್ಟ ಸರಿತದ ವರ್ಗಕ್ಕೆ. ಶುರುವಿನಲ್ಲಿ ನೇರ ಪದವೇ ಗೆಲ್ಲುವುದರಿಂದ ಸರಿತ ಎಷ್ಟೇ ಸಣ್ಣದಿರಲಿ ಇದ್ದೇ ಇರುತ್ತದೆ. ಸೆರ್ಗಿಯೆಂಕೊ ಮತ್ತು ಡಗೊಟ್ಟೊ 2006ರಲ್ಲಿ ಇದನ್ನು ಬರೆದರು.

ಸಾಗರದ_ಮೇಷ್ಟ್ರು
ದಾಸರೆ, 2005ರ ಕತ್ಸುರಾ–ನಾಗಾವೊಸ–ಬಲಾಟ್‌ಸ್ಕಿ ವಿವರಣೆಯಲ್ಲಿ ಅಯಾನು ಕದಲುವ ಮಾತೇ ಇಲ್ಲವಲ್ಲ? ಓರೆಯಾಗಿ ನಿಂತ ಎರಡು ಸ್ಪಿನ್‌ಗಳ ನಡುವೆ ಸ್ಪಿನ್ ಪ್ರವಾಹ, ಅದರಿಂದ ಎಲೆಕ್ಟ್ರಾನ್ ಮೋಡವೇ ವಾಲುತ್ತದೆ ಎನ್ನುತ್ತಾರೆ. ಸೂತ್ರ ಅದೇ ಬರುತ್ತದೆ.

ಡಿಎಫ್‌ಟಿ_ದಾಸ
ಸೂತ್ರ ಅದೇ ಬರಲೇಬೇಕು ಮೇಷ್ಟ್ರೇ, ನೀವೇ ಹೇಳಿದ ಸಮಮಿತಿಯ ಕಟ್ಟು ಅದು. ಅದಕ್ಕೇ ಸೂತ್ರ ಹೊಂದಿತು ಎಂದ ಮಾತ್ರಕ್ಕೆ ಒಳಗಿನ ಯಂತ್ರ ಯಾವುದೆಂದು ಗೊತ್ತಾಗದು. ಕಂಪ್ಯೂಟರಿನಲ್ಲಿ ಎರಡನ್ನೂ ಬೇರ್ಪಡಿಸಿ ನೋಡಬಹುದು. 2008ರಲ್ಲಿ ಮಲಶೇವಿಚ್ ಮತ್ತು ವಾಂಡರ್‌ಬಿಲ್ಟ್ ಟರ್ಬಿಯಂ ಮ್ಯಾಂಗನೈಟ್‌ಗೆ ಮಾಡಿದ್ದು ಅದನ್ನೇ: ಅಯಾನುಗಳನ್ನು ಕದಲದಂತೆ ಕಟ್ಟಿಹಾಕಿದರೆ ಸಿಗುವ ಧ್ರುವೀಕರಣ ತೀರಾ ಅಲ್ಪ, ಅವನ್ನು ಬಿಟ್ಟರೆ ಪ್ರಯೋಗದ ಅಳತೆಯ ಹತ್ತಿರ ಬರುತ್ತದೆ. ಈ ಹರಳಿನ ಮಟ್ಟಿಗೆ ಅಯಾನು ಸರಿಯುವುದೇ ಮುಖ್ಯ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಎಷ್ಟು ಸರಿಯುತ್ತವೆ? 2011ರಲ್ಲಿ ಎಕ್ಸ್‌ರೇ ಚದುರಿಕೆಯಿಂದ ಅಳೆದರು, ಲೆಕ್ಕ ಫೆಂಟೊಮೀಟರ್‌ಗಳಲ್ಲಿದೆ. ಮ್ಯಾಂಗನೀಸ್‌ಗೂ ಆಕ್ಸಿಜನ್‌ಗೂ ಇರುವ ಅಂತರವೇ ಸುಮಾರು 2 ಲಕ್ಷ ಫೆಂಟೊಮೀಟರ್. ಪರಮಾಣು ಬೀಜದ ಗಾತ್ರಕ್ಕೆ ಹೋಲಿಸುವಷ್ಟು ಸಣ್ಣ ಸರಿತ. ನನಗಂತೂ ಇಡೀ ವಿಷಯದಲ್ಲಿ ಅತಿ ಸೋಜಿಗ ಅನ್ನಿಸಿದ್ದು ಇದು.

ಪಿಕೊಆಂಪಿಯರ್_ಪುಟ್ಟಿ
ಥಿಯರಿ ಜನ ಎಲ್ಲಾ ಹೇಳಾಯ್ತಾ? ಈಗ ಅಳೆಯೋರ ಕಷ್ಟ ಕೇಳಿ.

ಟರ್ಬಿಯಂ ಮ್ಯಾಂಗನೈಟ್‌ನ ಧ್ರುವೀಕರಣ ಚದರ ಮೀಟರಿಗೆ ಸುಮಾರು 600 ಮೈಕ್ರೊಕೂಲಂಬ್. ಬೇರಿಯಂ ಟೈಟನೇಟ್‌ದು ಸುಮಾರು 2 ಲಕ್ಷದ 60 ಸಾವಿರ. ನಾನೂರು ಪಟ್ಟು ವ್ಯತ್ಯಾಸ. ಒಂದು ಚದರ ಮಿಲಿಮೀಟರ್ ಮುಖದ ಹರಳಿಗೆ ಸಿಲ್ವರ್ ಪೇಸ್ಟ್ ಬಳಿದು ತಂತಿ ಕಟ್ಟಿದೆ ಅನ್ನಿ. ಒಟ್ಟು ಸಿಗೋ ವಿದ್ಯುದಂಶ 0.6 ನ್ಯಾನೊಕೂಲಂಬ್. ನಿಮಿಷಕ್ಕೆ 5 ಕೆಲ್ವಿನ್‌ನಂತೆ ಬಿಸಿ ಮಾಡಿದರೆ ಅದು ಕೆಲವು ನಿಮಿಷ ಹರಡಿಕೊಂಡು ಬರುತ್ತೆ, ಅಂದ್ರೆ ಕರೆಂಟ್ ಕೆಲವೇ ಪಿಕೊಆಂಪಿಯರ್. ಅಳೆಯುವಾಗ ಕೇಬಲ್ ಮುಟ್ಟಿದರೂ ಸಾಕು, ಎಲೆಕ್ಟ್ರೋಮೀಟರ್‌ನಲ್ಲಿ ಅದಕ್ಕಿಂತ ದೊಡ್ಡ ಕುಣಿತ.

ಕ್ರಮ ಇಷ್ಟು: ಎಲೆಕ್ಟ್ರಿಕ್ ಫೀಲ್ಡ್ ಕೊಟ್ಟುಕೊಂಡೇ ತಣಿಸಬೇಕು (ಪೋಲಿಂಗ್), ತಳಕ್ಕೆ ಬಂದ ಮೇಲೆ ಫೀಲ್ಡ್ ತೆಗೆದು ಎರಡೂ ತಂತಿ ಶಾರ್ಟ್ ಮಾಡಿ ಬಹಳ ಹೊತ್ತು ಬಿಡಬೇಕು, ಆಮೇಲೆ ಒಂದೇ ವೇಗದಲ್ಲಿ ಬಿಸಿ ಮಾಡ್ತಾ ಕರೆಂಟ್ ಬರ್ಕೊಂಡು ಕೂಡಿಸಬೇಕು. ಮೋಸ ಎಲ್ಲಿ ಅಂದ್ರೆ, ಹರಳಿನ ದೋಷಗಳಲ್ಲಿ ಸಿಕ್ಕಿಬಿದ್ದ ವಿದ್ಯುದಂಶಗಳೂ ಬಿಸಿಯಾದಾಗ ಹೊರಬಂದು ಥೇಟ್ ಇಂಥದ್ದೇ ಶಿಖರ ಕೊಡ್ತವೆ. ಪರೀಕ್ಷೆ ಸುಲಭ. ಬಿಸಿ ಮಾಡೋ ವೇಗ ಬದಲಿಸಿ. ಶಿಖರ ಜಾಗ ಬಿಟ್ಟು ಸರಿದರೆ ಅದು ಸಿಕ್ಕಿಬಿದ್ದ ವಿದ್ಯುದಂಶ. ನಿಜವಾದದ್ದು ಕಾಂತೀಯ ಪರಿವರ್ತನೆಯ ಉಷ್ಣತೆ ಬಿಟ್ಟು ಅಲ್ಲಾಡಲ್ಲ. ಫೀಲ್ಡ್ ಚಿಹ್ನೆ ಬದಲಿಸಿದರೆ ಕರೆಂಟಿನ ಚಿಹ್ನೆಯೂ ಬದಲಾಗಬೇಕು, ಆದರೆ ಅದೊಂದನ್ನೇ ನಂಬಬೇಡಿ, ಸಿಕ್ಕಿಬಿದ್ದದ್ದೂ ಹಾಗೇ ಆಡುತ್ತೆ.

ಪುಡಿ ಒತ್ತಿ ಮಾಡಿದ ಬಿಲ್ಲೆಯಲ್ಲಿ ಲೀಕೇಜ್ (ಸೋರೋ ಕರೆಂಟ್) ಇಟ್ಕೊಂಡು ಹಿಸ್ಟರಿಸಿಸ್ ಲೂಪ್ (ಫೀಲ್ಡ್ ಏರಿಳಿಸಿದಾಗ ಧ್ರುವೀಕರಣದ ಗೆರೆ ಬರೆಯೋ ಕುಣಿಕೆ) ತೋರಿಸಿ "ಹೊಸ ಮಲ್ಟಿಫೆರೋಯಿಕ್" ಅನ್ನೋ ಪೇಪರ್‌ಗಳಿಗಂತೂ ಬರವಿಲ್ಲ. ಜೇಮ್ಸ್ ಸ್ಕಾಟ್ 2008ರಲ್ಲಿ ಬಾಳೆಹಣ್ಣಿನ ಸಿಪ್ಪೆಗೆ ಎಲೆಕ್ಟ್ರೋಡ್ ಹಾಕಿ ಅಂಥದ್ದೇ ಲೂಪ್ ಬರುತ್ತೆ ಅಂತ ತೋರಿಸಿದ್ರು. ಸೆಮಿನಾರಲ್ಲಿ ಆ ಚಿತ್ರ ಹಾಕಿ ಪೇಡೆ, ಯಾರೂ ನಿದ್ದೆ ಮಾಡಲ್ಲ.

ಧಾರವಾಡ_ಪೇಡೆ
ಪುಟ್ಟಿ ಅಕ್ಕಾರ, ಬಾಳೆಹಣ್ಣು ಹಾಕೇ ಹಾಕ್ತೀನ್ರಿ 😀

ಪಿಕೊಆಂಪಿಯರ್_ಪುಟ್ಟಿ
ಹಾಕಿ. ಬೆಂಗಳೂರಿಗೆ ಬಂದಾಗ ಜಕ್ಕೂರಿನ ಜೆಎನ್‌ಸಿಎಎಸ್‌ಆರ್ (ಜವಾಹರಲಾಲ್ ನೆಹರು ಹೆಸರಿನ ಸಂಶೋಧನಾ ಕೇಂದ್ರ) ಕಡೆಗೂ ಹೋಗಿ ಬನ್ನಿ. ಸಿ.ಎನ್.ಆರ್. ರಾವ್ ಅವರ ಗುಂಪು ಮಲ್ಟಿಫೆರೋಯಿಕ್ ಆಕ್ಸೈಡ್‌ಗಳ ಮೇಲೆ ಕೆಲಸ ಮಾಡಿರೋ ಜಾಗ.

ಡಿಎಫ್‌ಟಿ_ದಾಸ
↑↑↓↓ ಕಥೆ ಬಾಕಿ ಇತ್ತು. ಎಲ್ಲರೂ ಸುರುಳಿ ಸುರುಳಿ ಎನ್ನುತ್ತಾರೆ, ಆದರೆ ಸುರುಳಿಯಿಲ್ಲದೆ, ಸ್ಪಿನ್-ಕಕ್ಷೆ ಬೆಸುಗೆಯ ಹಂಗೂ ಇಲ್ಲದೆ ಧ್ರುವೀಕರಣ ಬರುವ ದಾರಿ ಇದೆ. ಕ್ಯಾಲ್ಸಿಯಂ-ಕೋಬಾಲ್ಟ್-ಮ್ಯಾಂಗನೀಸ್ ಆಕ್ಸೈಡ್ ಒಂದರಲ್ಲಿ ಕೋಬಾಲ್ಟ್ (ಎರಡು ಧನ), ಮ್ಯಾಂಗನೀಸ್ (ನಾಲ್ಕು ಧನ) ಒಂದು ಬಿಟ್ಟು ಒಂದು ಸಾಲಾಗಿ ಕೂತಿವೆ. ಸುಮಾರು 16 ಕೆಲ್ವಿನ್‌ನಲ್ಲಿ ಸ್ಪಿನ್‌ಗಳು ↑↑↓↓ ಆಗುತ್ತವೆ. ಒಂದೇ ದಿಕ್ಕಿನ ಸ್ಪಿನ್ ಜೋಡಿಗಳ ನಡುವಿನ ಅಂತರ ಒಂದು, ಎದುರು ದಿಕ್ಕಿನವುಗಳದು ಇನ್ನೊಂದು. ಕೋಬಾಲ್ಟ್‌ಗೆ ಬಲಗಡೆಯ ಮ್ಯಾಂಗನೀಸ್ ಹತ್ತಿರ, ಎಡಗಡೆಯದು ದೂರ, ಸಾಲಿನುದ್ದಕ್ಕೂ ಹಾಗೇ. ವಿದ್ಯುದಂಶ ಬೇರೆ ಬೇರೆ ಇರುವುದರಿಂದ ಸಾಲಿಗೊಂದು ದಿಕ್ಕು ಬಂದುಬಿಟ್ಟಿತು. 2008ರಲ್ಲಿ ವರದಿಯಾದದ್ದು.

ಇಲ್ಲಿ ಕೆಲಸ ಮಾಡುವುದು ಎಸ್1 ಡಾಟ್ ಎಸ್2. ಇದು ಸ್ಪಿನ್-ಕಕ್ಷೆ ಬೆಸುಗೆಗಿಂತ ಎಷ್ಟೋ ಬಲವಾದದ್ದು, ಹಾಗಾಗಿ ದೊಡ್ಡ ಧ್ರುವೀಕರಣದ ಆಸೆ ಇರುವುದು ಈ ಹಾದಿಯಲ್ಲೇ. ಗ್ಯಾಡೊಲಿನಿಯಂ-ಮ್ಯಾಂಗನೀಸ್ ಆಕ್ಸೈಡ್ ಒಂದರಲ್ಲಿ 2013ರಲ್ಲಿ ಚದರ ಮೀಟರಿಗೆ 3,600 ಮೈಕ್ರೊಕೂಲಂಬ್ ಸಿಕ್ಕಿದೆ. ಸುರುಳಿಯವರು ಚೆಂದದ ಗಣಿತ ಇಟ್ಟುಕೊಳ್ಳಲಿ, ನಾವು ಇದನ್ನು ಇಟ್ಟುಕೊಳ್ಳುತ್ತೇವೆ.

ಸಿಲ್ಕ್‌ಬೋರ್ಡ್_ಜಾಮ್
ನನ್ನ ಪ್ರಶ್ನೆ ಯಾರೂ ಮುಟ್ಲಿಲ್ಲ. ಉಪಯೋಗ?

ನ್ಯೂಟ್ರಾನ್_ನಂಜುಂಡ
ಆಸೆ ಏನು ಅಂದ್ರೆ, ಕಾಂತೀಯ ಮಾಹಿತಿಯನ್ನ ಕರೆಂಟ್ ಹರಿಸದೆ ಬರೀ ವೋಲ್ಟೇಜ್‌ನಿಂದ ಬರೆಯೋದು. ಕರೆಂಟ್ ಹರಿದರೆ ಬಿಸಿ, ಬಿಸಿಯಾದರೆ ಶಕ್ತಿ ದಂಡ. ಅದಕ್ಕೆ ಕೋಣೆಯ ಉಷ್ಣತೆ ಬೇಕು, ಗಟ್ಟಿ ಧ್ರುವೀಕರಣ ಬೇಕು, ಗಟ್ಟಿ ಬೆಸುಗೆ ಬೇಕು. ಮೂರೂ ಒಟ್ಟಿಗೆ ಕೊಡೋ ಸುರುಳಿ ಹರಳು ನಮ್ಮ ಕೈಲಿಲ್ಲ, ನೇರ ಮಾತು.

ಬಿಸ್ಮತ್ ಫೆರೈಟ್ ಕೋಣೆಯ ಉಷ್ಣತೆಯಲ್ಲಿ ಎರಡೂ ಹೌದು. ಆದ್ರೆ ಅಲ್ಲಿ ಧ್ರುವೀಕರಣ ಬಿಸ್ಮತ್‌ನ ಒಂಟಿ ಎಲೆಕ್ಟ್ರಾನ್ ಜೋಡಿಯಿಂದ (ಬಂಧದಲ್ಲಿ ಸೇರದ ಜೋಡಿ) ಸುಮಾರು 1,100 ಕೆಲ್ವಿನ್‌ನಲ್ಲೇ ಬಂದಿರುತ್ತೆ, ಕಾಂತೀಯ ಜೋಡಣೆ ಸುಮಾರು 640ರಲ್ಲಿ ಆಮೇಲೆ ಬರುತ್ತೆ. ಖೋಮ್‌ಸ್ಕಿ 2009ರಲ್ಲಿ ಮಾಡಿದ ವಿಂಗಡಣೆಯಲ್ಲಿ ಇದು ಟೈಪ್ 1 (ಎರಡೂ ಬೇರೆ ಬೇರೆ ಕಾರಣಕ್ಕೆ ಬರೋದು), ನಾವು ಮಾತಾಡ್ತಿರೋದು ಟೈಪ್ 2 (ಕಾಂತೀಯ ಜೋಡಣೆಯೇ ಧ್ರುವೀಕರಣ ಹುಟ್ಟಿಸೋದು). ಟೈಪ್ 1ರಲ್ಲಿ ಧ್ರುವೀಕರಣ ದೊಡ್ಡದು, ಸಂಬಂಧ ಸಡಿಲ. ಟೈಪ್ 2ರಲ್ಲಿ ಧ್ರುವೀಕರಣ ಬಡಕಲು, ಸಂಬಂಧ ಮಾತ್ರ ಬಿಡಿಸಲಾಗದ್ದು.

ಟೈಪ್ 2ರಲ್ಲಿ ಉಷ್ಣತೆ ಮೇಲೇರಿದ್ದು ಎಲ್ಲಿ ಗೊತ್ತಾ? ಕಾಲೇಜ್ ಕೆಮಿಸ್ಟ್ರಿ ಲ್ಯಾಬಿನ ಕಪ್ಪು ಪುಡಿ, ಕಾಪರ್ ಆಕ್ಸೈಡ್. 213ರಿಂದ 230 ಕೆಲ್ವಿನ್ ನಡುವೆ ಸುರುಳಿ, ಅಷ್ಟೇ ಪಟ್ಟಿಯಲ್ಲಿ ಧ್ರುವೀಕರಣ. 230 ಅಂದ್ರೆ ಮೈನಸ್ 43 ಡಿಗ್ರಿ. ಅದೂ ಕಿಮುರಾ ಮತ್ತಿತರರದ್ದೇ, 2008. ಸ್ಟ್ರಾನ್ಷಿಯಂ-ಕೋಬಾಲ್ಟ್ ಹೆಕ್ಸಾಫೆರೈಟ್ ಒಂದರಲ್ಲಿ 2010ರಲ್ಲಿ ಕೋಣೆಯ ಉಷ್ಣತೆಯಲ್ಲೇ, ಸಣ್ಣ ಕಾಂತಕ್ಷೇತ್ರಕ್ಕೇ ಧ್ರುವೀಕರಣ ಬದಲಾಗೋದನ್ನ ತೋರಿಸಿದಾರೆ. ಇನ್ನೊಂದು ಕಡೆ ನಿಕ್ಕಲ್ ಅಯೊಡೈಡ್‌ನ ಒಂದೇ ಪದರದಲ್ಲೂ ಟೈಪ್ 2 ಗುಣ ಉಳಿಯುತ್ತೆ ಅಂತ 2022ರ ವರದಿ, ಅದು ಮತ್ತೆ 21 ಕೆಲ್ವಿನ್. ನಿಮ್ಮ ಫೋನಿಗೆ ಇದು ನಾಳೆ ಬರಲ್ಲ. ಬರುತ್ತೆ ಅಂತ ಗ್ರಾಂಟ್ ಅರ್ಜಿಯಲ್ಲಿ ಮಾತ್ರ ಬರೀತಾರೆ.

ಸಿಲ್ಕ್‌ಬೋರ್ಡ್_ಜಾಮ್
ಪ್ರಾಮಾಣಿಕ ಉತ್ತರ. ಸಾಕು.

ಸಾಗರದ_ಮೇಷ್ಟ್ರು
ಒಂದು ಸ್ಪಷ್ಟನೆ ಸೇರಿಸುತ್ತೇನೆ, ಪರೀಕ್ಷಕರು ಕೇಳುವಂಥದು. ಕ್ರೋಮಿಯಂ ಆಕ್ಸೈಡ್‌ನಲ್ಲಿ ಕಾಂತಕ್ಷೇತ್ರ ಕೊಟ್ಟರೆ ಧ್ರುವೀಕರಣ ಬರುತ್ತದೆಂದು 1959ರಲ್ಲಿ ಝ್ಯಾಲೊಶಿನ್‌ಸ್ಕಿ ಊಹಿಸಿದರು, 1960ರಲ್ಲಿ ಆಸ್ತ್ರೋವ್ ವಿದ್ಯುತ್ ಕ್ಷೇತ್ರ ಕೊಟ್ಟು ಕಾಂತೀಯತೆ ಬರುವುದನ್ನು ಅಳೆದರು. ಅದು ಮಲ್ಟಿಫೆರೋಯಿಕ್ ಅಲ್ಲ: ಕ್ಷೇತ್ರ ತೆಗೆದರೆ ಧ್ರುವೀಕರಣವೂ ಹೋಯಿತು. ಟರ್ಬಿಯಂ ಮ್ಯಾಂಗನೈಟ್‌ನಲ್ಲಿ ಕ್ಷೇತ್ರವಿಲ್ಲದೆಯೂ ಅದು ನಿಂತಿರುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಡಿ.

ಇನ್ನೊಂದು. ಸುರುಳಿ ಜೋಡಣೆಯಿಂದ ಫೆರೋಎಲೆಕ್ಟ್ರಿಸಿಟಿ ಬರುವುದನ್ನು 2003ರಲ್ಲೇ ಮೊದಲು ಕಂಡರೆಂಬುದು ಪೂರ್ತಿ ಸರಿಯಲ್ಲ. ಕ್ರೋಮಿಯಂ-ಬೆರಿಲಿಯಂ ಆಕ್ಸೈಡ್‌ನಲ್ಲಿ ನ್ಯೂನಮ್ ಮತ್ತಿತರರು 1978ರಲ್ಲೇ ಕಂಡಿದ್ದರು. ಧ್ರುವೀಕರಣ ಅತ್ಯಲ್ಪವಿತ್ತು, ಯಾರೂ ಬೆನ್ನು ಹತ್ತಲಿಲ್ಲ. 2003ರಲ್ಲಿ ಕಾಂತಕ್ಷೇತ್ರದಿಂದ ಅದನ್ನು ತಿರುಗಿಸಿ ತೋರಿಸಿದ ಮೇಲೆ ಎಲ್ಲರ ಕಣ್ಣು ಬಿತ್ತು.

ಧಾರವಾಡ_ಪೇಡೆ
ಎಲ್ಲಾರಿಗೂ ಶರಣ್ರಿ. ಕಡೀ ಪ್ರಶ್ನಿ. ಪುಟ್ಟಿ ಅಕ್ಕಾರು ಪೋಲಿಂಗ್ ಅಂದ್ರು. ಎಲೆಕ್ಟ್ರಿಕ್ ಫೀಲ್ಡ್ ಕೊಡಲಾರದ ತಣ್ಣಗ ಮಾಡಿದ್ರ ಧ್ರುವೀಕರಣ ಬರಂಗಿಲ್ಲೇನ್ರಿ? ಸುರುಳಿ ಅಂತೂ ಆಗೇ ಆಗ್ತದಲ್ಲ?

ನ್ಯೂಟ್ರಾನ್_ನಂಜುಂಡ
ಸುರುಳಿ ಆಗುತ್ತೆ. ಆದ್ರೆ ಪ್ರದಕ್ಷಿಣೆಗೂ ಅಪ್ರದಕ್ಷಿಣೆಗೂ ಶಕ್ತಿ ಒಂದೇ, ಹಾಗಾಗಿ ಹರಳಿನ ಕೆಲವು ಭಾಗ ಹೀಗೆ, ಕೆಲವು ಭಾಗ ಹಾಗೆ. ಒಂದರದ್ದು ಸಿ ಕಡೆಗೆ, ಇನ್ನೊಂದರದ್ದು ಅದರ ಎದುರಿಗೆ. ಕೂಡಿಸಿದರೆ ತಂತಿಯಲ್ಲಿ ಹೆಚ್ಚುಕಮ್ಮಿ ಸೊನ್ನೆ. ತಣಿಯುವಾಗ ಎಲೆಕ್ಟ್ರಿಕ್ ಫೀಲ್ಡ್ ಇದ್ದರೆ ಒಂದು ಬಗೆಯ ಸುರುಳಿಗೆ ಅನುಕೂಲ ಆಗಿ ಅದೇ ಹರಳೆಲ್ಲ ಹಬ್ಬುತ್ತೆ.

ಇದನ್ನ ಕಣ್ಣಾರೆ ನೋಡಬಹುದು. ಸ್ಪಿನ್ ಒಂದೇ ದಿಕ್ಕಿಗೆ ಮಾಡಿದ ನ್ಯೂಟ್ರಾನ್‌ಗಳನ್ನ ಹಾಯಿಸಿದರೆ ಸುರುಳಿಯ ಎರಡು ಉಪಶಿಖರಗಳಲ್ಲಿ ಒಂದು ಎತ್ತರ, ಒಂದು ಗಿಡ್ಡ ಕಾಣುತ್ತೆ. ಯಾವುದು ಎತ್ತರ ಅನ್ನೋದು ಸುರುಳಿ ಯಾವ ಕಡೆಗೆ ತಿರುಗ್ತಿದೆ ಅನ್ನೋದರ ಮೇಲೆ. ಯಮಸಾಕಿ ಮತ್ತಿತರರು 2007ರಲ್ಲಿ ಟರ್ಬಿಯಂ ಮ್ಯಾಂಗನೈಟನ್ನ ಒಂದು ಸಲ ಧನ ಫೀಲ್ಡ್‌ನಲ್ಲಿ, ಇನ್ನೊಂದು ಸಲ ಋಣ ಫೀಲ್ಡ್‌ನಲ್ಲಿ ತಣಿಸಿ ನೋಡಿದರು. ಎತ್ತರ ಇದ್ದದ್ದು ಗಿಡ್ಡ, ಗಿಡ್ಡ ಇದ್ದದ್ದು ಎತ್ತರ. ಅಂದ್ರೆ ಬ್ಯಾಟರಿಯ ತಂತಿ ಅದಲು ಬದಲು ಮಾಡಿದ್ದಕ್ಕೆ ಹರಳೊಳಗಿನ ಸ್ಪಿನ್ ಸುರುಳಿ ಉಲ್ಟಾ ಸುತ್ತಿತು. ಸ್ಲೈಡ್‌ನಲ್ಲಿ ಬಾಳೆಹಣ್ಣಿನ ಪಕ್ಕ ಇದನ್ನೂ ಹಾಕಿ.